ಬೆನ್ನಿಗೆ ಕತ್ತರಿ ಬಿದ್ದ ನೀಲಿ ಕುರ್ತಾ

"ಟೀಚರ್, ಪ್ಯಾಂಟ್ ಇರೋದು ಒಂದು. ಹಾಕ್ಕೊಳ್ಳೋನೂ ಒಬ್ಬನೇ. ಇಂಗ್ಲಿಷ್‌ನಲ್ಲಿ ಮಾತ್ರ ಅದು ಬಹುವಚನ ಯಾಕೆ?"

ತಡವಾಗಿ ಬಂದವನ ಮೊದಲ ಮಾತು ಇದು! ತೇನ್‌ಮೊಳಿ ಸೀಮೆಸುಣ್ಣ ಹಿಡಿದೇ ತಿರುಗಿದಳು. ಬಾಗಿಲಲ್ಲಿ ನಿಂತವನ ತಲೆಗೂದಲಲ್ಲಿ ಹತ್ತಿಯ ನಾರು, ತೋಳಿನ ಮೇಲೆ ದಾರದ ತುಂಡುಗಳು, ಕಣ್ಣು ತುಂಬ ನಿದ್ದೆ.

"ಎರಡು ಕಾಲು ಇರುತ್ತಲ್ಲ, ಅದಕ್ಕೇ."

"ಶರ್ಟ್‌ಗೂ ಎರಡು ತೋಳಿದೆಯಲ್ಲ ಟೀಚರ್?"

ತರಗತಿ ಗೊಳ್ಳೆಂದು ನಕ್ಕಿತು. ಅವಳಿಗೆ ಸಿಟ್ಟು ಬರಬೇಕಿತ್ತು. ಬರುವಷ್ಟು ಶಕ್ತಿ ಉಳಿದಿರಲಿಲ್ಲ. ಹಗಲೆಲ್ಲ ಶಾಲೆಯ ಮಕ್ಕಳು, ಸಂಜೆಯಾದರೆ ಇಂಗ್ಲಿಷ್ ಕಲಿಯಲು ಬರುವ, ತಿರುಪ್ಪೂರಿನ ಬನಿಯನ್ ಕಂಪನಿಗಳ ಈ ದೊಡ್ಡ ಮಕ್ಕಳು.

"ಗೊತ್ತಿಲ್ಲ ಕಣ್ರೀ," ಎಂದಳು. "ರೂಢಿ ಹಾಗಿದೆ."

ಅವನು ನಗಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡ ಟೀಚರನ್ನು ಅವನು ನೋಡಿದ್ದು ಅದೇ ಮೊದಲು.

ಅವನ ಹೆಸರು ಕದಿರವನ್. ರಫ್ತು ಕಂಪನಿಯೊಂದರಲ್ಲಿ ಸ್ಯಾಂಪಲ್ ಹೊಲಿಯುವ ಟೈಲರ್. ವಿದೇಶದ ಗಿರಾಕಿಗಳಿಗೆ ತಾನೇ ಮೇಲ್ ಬರೆಯಬೇಕೆಂಬ ಆಸೆ. ದಿನಕ್ಕೊಂದು ಪ್ರಶ್ನೆ ತರುತ್ತಿದ್ದ. ಬಟ್ಟೆ ಅಂದರೆ ಕ್ಲಾತೋ, ಕ್ಲೋತ್ಸೋ?

"ಅಂಗಡೀಲಿ ಸುತ್ತಿಟ್ಟ ಥಾನಿನಲ್ಲಿರೋದು ಕ್ಲಾತ್. ಹೊಲಿದು ಮೈಗೆ ಬಂದ್ಮೇಲೆ ಕ್ಲೋತ್ಸ್."

ಕ್ಲಾಸು ಮುಗಿದ ಮೇಲೆ ಇಬ್ಬರೂ ಬಸ್‌ಸ್ಟಾಪಿನವರೆಗೆ ಜೊತೆಯಾಗಿ ನಡೆಯತೊಡಗಿದರು. ಹೆಚ್ಚು ಮಾತಿರಲಿಲ್ಲ. ಇಬ್ಬರೂ ದಣಿದಿರುತ್ತಿದ್ದರು. ಆ ಮೌನಕ್ಕಾಗಿ ತಾನು ಬೆಳಗಿನಿಂದ ಕಾಯುತ್ತೇನೆಂದು ತೇನ್‌ಮೊಳಿಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು...

ದೀಪಾವಳಿಗೆ ಮುಂಚೆ ಅವನೊಂದು ಪೊಟ್ಟಣ ಕೊಟ್ಟ. "ನಾನೇ ಹೊಲಿದಿದ್ದು. ರೂಮಿಗೆ ಹೋಗಿ ನೋಡಿ."

ನೀಲಿ ಕುರ್ತಾ! ಹಾಸ್ಟೆಲಿನ ಕನ್ನಡಿಯ ಮುಂದೆ ಎದೆಗೊತ್ತಿ ಹಿಡಿದಳು. ಎಷ್ಟು ಸಣ್ಣ ಹೊಲಿಗೆ! ಹಿಂದೆ ತಿರುಗಿಸಿದಳು.

ಬೆನ್ನಿನ ನಡುವೆ ಅಂಗೈಯುದ್ದ ಸೀಳು. ಕತ್ತರಿಯದೇ.

'ಕಂಪನಿಗೆ ಬೇಡವಾದ ಮಾಲು... ನಾನೂ ಅವನಿಗೆ ಅಷ್ಟೇನಾ?'

ಮರುದಿನ ಎಲ್ಲರೆದುರು ಪೊಟ್ಟಣವನ್ನು ಅವನ ಬೆಂಚಿನ ಮೇಲಿಟ್ಟಳು. "ರಿಜೆಕ್ಟ್ ಮಾಲನ್ನ ಬೇರೆ ಯಾರಿಗಾದ್ರೂ ಕೊಡಿ."

ಕದಿರವನ್ ಪೊಟ್ಟಣವನ್ನು ಬಿಚ್ಚದೆಯೇ ಕಂಕುಳಲ್ಲಿ ಹಿಡಿದು ಹೊರಟುಹೋದ. ಮತ್ತೆ ತರಗತಿಗೆ ಬರಲಿಲ್ಲ.

ಊರಿನಿಂದ ಅಮ್ಮ ಫೋನು ಮಾಡಿದಳು. "ಮನ್ನಾರ್‌ಗುಡಿ ಹುಡುಗನ ಕಡೆಯವರು ಭಾನುವಾರ ಬರ್ತಾರಂತೆ. ಈ ಸಲವಾದ್ರೂ ಹೂಂ ಅನ್ನೇ."

"ಏನಾದ್ರೂ ಮಾಡ್ಕೋಮ್ಮ." ಬೇಡ ಎನ್ನಲೂ ಅವಳಿಗೆ ಶಕ್ತಿ ಬೇಕಿತ್ತು.

ಆ ಶುಕ್ರವಾರ ಪಳನಾತ್ತಾ ಕೈಯೆತ್ತಿದಳು. ಅವಳೂ ಕದಿರವನ್‌ನ ಕಂಪನಿಯಲ್ಲೇ ಚೆಕಿಂಗ್ ಕೆಲಸದವಳು, ಎಲ್ಲರಿಗಿಂತ ಹಿರಿಯಳು.

"ಅಮ್ಮಣಿ, ಬಟ್ಟೆ ಟೋರ್ನ್ ಆಗಿದೆ ಅಂತ ಬರೀಬೇಕಾ, ಕಟ್ ಆಗಿದೆ ಅಂತಲಾ?"

"ಹರಿದಿದ್ರೆ ಟೋರ್ನ್. ಕತ್ತರಿ ಹಾಕಿದ್ರೆ ಕಟ್. ಅಲ್ಲಾ, ಹೊಸ ಬಟ್ಟೆಗೆ ಯಾರಕ್ಕಾ ಕತ್ತರಿ ಹಾಕ್ತಾರೆ?"

"ಇನ್ಯಾರು, ನಾವೇ! ಹೊರದೇಶಕ್ಕೆ ಹೋಗೋ ಸ್ಯಾಂಪಲ್ ಅಲ್ವಾ? ಯಾರೂ ಮಾರಬಾರದು, ಸುಂಕ ಬೀಳಬಾರದು ಅಂತ ಬೆನ್ನಿಗೊಂದು ಕತ್ತರಿ. ಹೊಲಿದೋನೇ ಕತ್ತರಿಸಿ ಮಡಚಿಡಬೇಕು. ಕದಿರವನ್ ಅಂತೂ ನಿದ್ದೆಗಣ್ಣಲ್ಲೇ ಮುಗಿಸ್ತಾನೆ. ದೀಪಾವಳಿ ಹೊತ್ತಲ್ಲಿ ನೋಡ್ಬೇಕಿತ್ತು, ಪಾಪ, ಮೆಷಿನ್ ಮೇಲೇ ತಲೆಯಿಟ್ಟು ಮಲಗಿರೋನು!"

ತೇನ್‌ಮೊಳಿ ಸೀಮೆಸುಣ್ಣ ಕೆಳಗಿಟ್ಟಳು.

'ದೇವರೇ... ಕತ್ತರಿ ಹಾಕಿದ್ದು ಅವನಿಗೇ ಗೊತ್ತಿಲ್ಲ!'

ಮರುದಿನ ಶನಿವಾರ, ಶಾಲೆಗೆ ರಜೆ. ಟೀ ಬಿಡುವಿನ ಹೊತ್ತಿಗೆ ಅವಳು ಕಂಪನಿಯ ಗೇಟಿನಲ್ಲಿದ್ದಳು. ಅವನು ಹೊರಬಂದ. ಮುಖ ಇನ್ನಷ್ಟು ಬತ್ತಿತ್ತು.

"ಆ ಪೊಟ್ಟಣ ಎಲ್ಲಿ?"

"ನನ್ನ ಮೆಷಿನ್ ಕೆಳಗಿದೆ. ಬಿಚ್ಚಿಲ್ಲ... ಬಿಚ್ಚೋಕೆ ಮನಸ್ಸಾಗ್ಲಿಲ್ಲ."

"ತನ್ನಿ. ಇಲ್ಲೇ ಬಿಚ್ಚಿ."

ಅವನು ತಂದು ಬಿಚ್ಚಿದ. ಕುರ್ತಾ ತಿರುಗಿಸಿದ. ಕೈ ನಿಂತುಬಿಟ್ಟಿತು.

"ಅಯ್ಯೋ! ಇದು ನನ್ನ ಕೈಯದೇ... ಕೊನೇ ಗುಂಡಿ ಹೊಲಿದಿದ್ದು ನೆನಪಿದೆ. ಆಮೇಲೆ ಅಭ್ಯಾಸಬಲದಲ್ಲಿ ಕತ್ತರಿ..." ಅವನು ಸೀಳಿನ ಅಂಚುಗಳನ್ನು ಕೂಡಿಸಿ ಹಿಡಿದ. "ಟೀಚರ್, ನನಗೆ ನೀವು ಅಂದ್ರೆ ಪ್ರಾಣ. ಹೇಳೋಕೆ ಬಾಯಿ ಬರ್ಲಿಲ್ಲ, ಹೊಲಿದುಕೊಟ್ಟೆ. ಅದನ್ನೂ ಹಾಳುಮಾಡ್ದೆ."

"ಒಂದು ಮಾತು ಕೇಳದೆ ಎಲ್ಲರ ಮುಂದೆ ಅವಮಾನ ಮಾಡಿದ್ದು ನಾನು."

"ಬೇರೆ ಹೊಲಿದುಕೊಡ್ತೀನಿ."

"ಬೇಡ. ಇದನ್ನೇ ಕೂಡಿಸಿ ಹೊಲೀರಿ."

"ಗುರುತು ಉಳಿಯುತ್ತೆ."

"ಉಳೀಲಿ ಬಿಡಿ. ನಮ್ಮಿಬ್ಬರಿಗೆ ತಾನೇ ಗೊತ್ತಿರೋದು?"

ಅವಳು ಫೋನು ತೆಗೆದಳು. "ಅಮ್ಮಾ, ಮನ್ನಾರ್‌ಗುಡಿಯವರಿಗೆ ಬರಬೇಡಿ ಅಂತ ಹೇಳಿಬಿಡು... ಇಲ್ಲಮ್ಮ, ಕೋಪ ಅಲ್ಲ. ಇಲ್ಲೊಬ್ಬರು ಇದ್ದಾರೆ. ಟೈಲರ್. ನಾಳೆ ಕರ್ಕೊಂಡು ಬರ್ತೀನಿ, ನೀನೇ ನೋಡು."

ಫೋನು ಇಟ್ಟು ಅವಳು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದು ಕುಳಿತಳು.

"ಸುಸ್ತಾಯ್ತಾ?"

"ತುಂಬಾ..."

"ಇರಿ, ಟೀ ತರ್ತೀನಿ."

"ಟೀ ಬೇಡ," ಎಂದು ಅವನ ತೋಳು ಹಿಡಿದಳು. "ನೀವೂ ಕೂತ್ಕೊಳ್ಳಿ."