ಥಾರ್ಲಿ ದೊರೆಯ ಕೈಗವಸು

"ಬರಿಗೈಲಿ ಮುಟ್ಬೇಡ ಬದ್ರು, ಪ್ಲೀಸ್." ರಾಜಲಕ್ಷ್ಮಿಯ ದನಿ ನಡುಗಿತು.

ಬದ್ರುನ್ನೀಸಾ ನಕ್ಕಳು. "ಅಕ್ಕಾ, ಪಿಎಚ್‌ಡಿ ಮಾಡಿದೋರು ನೀವು. ಮಾಟ ಗೀಟ ಅಂತೀರಲ್ಲ!"

ಸ್ವೀಡನ್ನಿನ ಲುಂಡ್‌ನ ಆ ಖಾಸಗಿ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಹಳೆಯ ಚರ್ಮದ ಕಮಟು ವಾಸನೆ. ಪೆಟ್ಟಿಗೆಯಲ್ಲಿ ಕಪ್ಪಿಟ್ಟ ಕೈಗವಸೊಂದು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಜಮೀನುದಾರ ಆಂಬ್ರೋಸ್ ಥಾರ್ಲಿಯದು. ಹೊಸದಾಗಿ ಕೆಲಸಕ್ಕೆ ಸೇರಿದ ಬದ್ರುನ್ನೀಸಾಳ ಪಾಲಿಗೆ ಅವನ ಜೀವನಚರಿತ್ರೆ ಬರೆಯುವ ಕೆಲಸ ಬಂದಿತ್ತು. ಹಿರಿಯ ಸಹೋದ್ಯೋಗಿ ರಾಜಲಕ್ಷ್ಮಿಗೆ ಆ ಕತೆ ಬಾಯಿಪಾಠ.

ಥಾರ್ಲಿ ಊರೊಟ್ಟಿನ ಗೋಮಾಳಕ್ಕೆ ಬೇಲಿ ಹಾಕಿದ. ಮತ ಗಿಟ್ಟಿಸಿ ಪಾರ್ಲಿಮೆಂಟಿಗೆ ಹೋಗಿ ಆ ಬೇಲಿಗೆ ಕಾನೂನಿನ ಮುದ್ರೆ ಒತ್ತಿಸಿದ. ಹಿಮ ಬೀಳುವಾಗ ಬಡವರ ಗುಡಿಸಲು ಕೀಳಿಸಿದ. ಚಳಿಗೆ ಸೆಟೆದು ಸತ್ತ ಮೊಮ್ಮಗುವನ್ನು ಹೊತ್ತು ತಂದ ಮುದುಕಿಯೊಬ್ಬಳು, ಅದರ ಕೂದಲನ್ನು ಅವನ ಕೈಗವಸಿಗೆ ತುರುಕಿ, "ನಿನಗೆ ಯಾವುದೂ ತಾಕದಿರಲಿ" ಎಂದು ಶಪಿಸಿದಳಂತೆ. ಅಂದಿನಿಂದ ದೊರೆಗೆ ಅನ್ನದ ರುಚಿಯಿಲ್ಲ, ಬೆಂಕಿಯ ಬಿಸಿಯಿಲ್ಲ.

ಬದ್ರುನ್ನೀಸಾ ಕೈ ತೂರಿಸಿಯೇಬಿಟ್ಟಳು. ಒಳಗೆ ನವಿರಾದ, ತಣ್ಣಗಿನ ಏನೋ ಬೆರಳಿಗೆ ಸುತ್ತಿಕೊಂಡಿತು.

ಫಿಕಾ ಎಂಬ ಬಿಡುವಿನ ಹೊತ್ತಿನ ಕಾಫಿ ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ಮಾರನೆಯ ದಿನಕ್ಕೆ ಮೊಣಕೈ ಜೋಮು. ಆಮೇಲೆ ಎದೆ. ಗಂಡನನ್ನಾಗಲಿ ಮಗಳನ್ನಾಗಲಿ ಮುಟ್ಟಬೇಕೆಂದೂ ಅನಿಸಲಿಲ್ಲ.

ಆ ವಾರವೇ ಗಂಡ ಅನ್ವರ್ ಫೋನ್ ಹಿಡಿದು ಕಣ್ಣೀರಾಗಿ ಬಂದ. "ಬದ್ರು... ನಿಮ್ಮ ಅಮ್ಮಿ ಹೋಗ್ಬಿಟ್ರಂತೆ."

"ಹೂಂ." ಅವಳು ಬಟ್ಟೆ ಮಡಿಸುತ್ತಲೇ ಇದ್ದಳು.

"ಕೇಳಿಸ್ತಾ?"

"ಕೇಳಿಸ್ತು."

ಅನ್ವರ್ ಹೆದರಿ ಒಂದು ಹೆಜ್ಜೆ ಹಿಂದೆ ಸರಿದ.

ಸಂಜೆ ಮಗಳನ್ನು ಕರೆತರಲು ಶಿಶುವಿಹಾರಕ್ಕೆ, ದಾಗಿಸ್‌ಗೆ ಹೋದಳು. ಮಬ್ಬುಗತ್ತಲು. ಸೈಕಲ್ಲುಗಳ ಮೇಲೆ ಹಿಮ. ಪುಟ್ಟ ಮರಿಯಮ್ "ಮಮ್ಮಾ!" ಎಂದು ಓಡಿಬಂದು ಅವಳ ಬರಿಗೈ ಹಿಡಿದಳು.

ಬಿಸಿ! ಬೆಚ್ಚನೆಯ, ಬೆವೆತ ಪುಟ್ಟ ಅಂಗೈ. ಜೋಮು ಬಿಟ್ಟಿತು. ಗಾಳಿ ಕೆನ್ನೆಗೆ ಚುಚ್ಚಿತು. ಎದೆ ಒಡೆಯಿತು. "ಅಮ್ಮೀ..." ಹಿಮದಲ್ಲೇ ಕುಸಿದು ಬಿಕ್ಕಿದಳು. ಸತ್ತ ತಾಯಿಗಾಗಿ ಅಳು. ಅಳು ಬಂತಲ್ಲ ಎಂಬ ಹಿಗ್ಗು.

ಹಿಂದೆ ಧೊಪ್ಪೆಂದಿತು. ತಿರುಗಿದಳು.

ಮರಿಯಮ್ ಜಾರಿ ಬಿದ್ದಿದ್ದಳು. ಗಲ್ಲ ಸೀಳಿತ್ತು. ಹಿಮದ ಮೇಲೆ ರಕ್ತ. ಮಗು ಅಳಲಿಲ್ಲ.

"ಕಂದಾ, ನೋವಾಯ್ತಾ?"

"ನೇಯ್, ಮಮ್ಮಾ." ಇಲ್ಲವಂತೆ. ಕಣ್ಣಲ್ಲಿ ಏನೂ ಇರಲಿಲ್ಲ.

ಬದ್ರುನ್ನೀಸಾ ಆ ಪುಟ್ಟ ಕೈಯನ್ನು ಬಾಚಿ ಹಿಡಿದಳು. ಹಿಸುಕಿದಳು. ಎದೆಗೆ ಒತ್ತಿಕೊಂಡಳು. "ಆ ಜೋಮು ವಾಪಸ್ ಕೊಡು. ನಂಗೇ ಕೊಡು."

ಕೈ ಬೆಚ್ಚಗೇ ಇತ್ತು. ಬೇರೇನೂ ಬರಲಿಲ್ಲ.