ಸೊಟ್ಟ ಬಾಯಿಯ ಕಾಫಿ

ದಾರದುಂಡೆ ತರ್ತೀನಿ ಅಂತ ಲಷ್ಕರ್ ಮೊಹಲ್ಲಾಕ್ಕೆ ಹೋದ ನಮ್ಮನೆಯವರು ತಿರುಗಿ ಬಂದಾಗ ಬಾಯಿ ಒಂದು ಕಡೆ ಸೊಟ್ಟಗಿತ್ತು.

ಕಾಫಿ ಕೊಟ್ಟೆ. ತುಟಿಯಿಂದ ಜಾರಿ ಅಂಗಿ ಮೇಲೆ ಇಳೀತು. ಅವರಿಗೆ ಗೊತ್ತೇ ಆಗಲಿಲ್ಲ. ಏನಾಯ್ತು ಅಂದರೆ ಏನಿಲ್ಲ ಅಂದರು, ಅದೂ ತೊದಲು. ಕುಡಿದು ಬಂದಿದ್ದಾರೆ ಅಂದುಕೊಂಡು, ಸೆರಗಲ್ಲಿ ಒರೆಸೋ ನೆಪದಲ್ಲಿ ಮೂಸಿದೆ. ಹೆಂಡದ ವಾಸನೆ ಇಲ್ಲ. ಹುಡುಗೀರ ಲಿಪ್‌ಸ್ಟಿಕ್ಕಿನ ಹಾಗೆ ಸಿಹಿ ಹಣ್ಣಿನ ಘಮ.

ಹೆಂಡವೇ ಆಗಿದ್ದರೆ ವಾಸಿಯಿತ್ತು.

ಈ ಮನುಷ್ಯ ಟೈಲರ್. ಪ್ರಾಯದಲ್ಲೂ ಹೆಂಗಸರ ಅಳತೆ ತೆಗೆಯುವಾಗ ಟೇಪು ಹಿಡಿದು ಗೋಡೆ ನೋಡ್ತಿದ್ದವರು. ಈಗ ನನ್ನ ಕಡೆ ಕಳ್ಳನೋಟ, ಸೊಟ್ಟ ನಗು.

ನನಗೋ ಹಲ್ಲುನೋವು. ಲವಂಗ ಕಚ್ಚಿಕೊಂಡೇ ದಿನ ದೂಡ್ತಿದ್ದೆ. ಚಿಕ್ಕವಳಾಗಿದ್ದಾಗ ಊರಿನ ಕ್ಯಾಂಪಲ್ಲಿ ನನ್ನ ಕೈಕಾಲು ಹಿಡಿದು ವಸಡಿಗೆ ಸೂಜಿ ಚುಚ್ಚಿದ್ದು ಇನ್ನೂ ಮರೆತಿಲ್ಲ. ಆಸ್ಪತ್ರೆ ಅಂದರೆ ಗೋಡೆ ಕಡೆ ತಿರುಗಿ ಮಲಗುವವಳು ನಾನು. ಮಾರನೆಯ ದಿನ ಇವರು, ಲಷ್ಕರ್ ಮೊಹಲ್ಲಾದಲ್ಲಿ ಒಬ್ಬರು ಹಲ್ಲಿನ ಡಾಕ್ಟರಮ್ಮ ಇದ್ದಾರೆ, ಚುಚ್ಚಿದರೆ ನೋವೇ ಆಗೋಲ್ಲ ಅಂದರು.

ಇವರಿಗೆ ಹೇಗೆ ಗೊತ್ತು? ಹಲ್ಲಿಗಲ್ಲ, ಆ ಡಾಕ್ಟರಮ್ಮನ್ನ ನೋಡೋಕೆ ಹೊರಟೆ.

ಸಂಘಮಿತ್ರ ಅಂತ, ಮೊಮ್ಮಗಳ ವಯಸ್ಸಿನ ಹುಡುಗಿ. ಹತ್ತಿಯಲ್ಲಿ ಏನೋ ಅದ್ದಿ ನನ್ನ ವಸಡಿಗೆ ಹಚ್ಚಿದಳು. ಅದೇ ಘಮ. ಅವಳ ಕೈ ಹಿಡಿದು ಏನಮ್ಮ ಇದು ಅಂತ ಕೇಳಿದೆ. ಸೂಜಿಗೆ ಮುಂಚೆ ವಸಡು ಮರಗಟ್ಟಿಸೋ ಮುಲಾಮಂತೆ.

"ಯಜಮಾನರು ಹೇಳಲಿಲ್ವಾ ಅಜ್ಜಿ? ಹುಳುಕು ಹಲ್ಲು ತುಂಬಿಸ್ಕೊಂಡು ಹೋದ್ರಲ್ಲ. ಮೊದಲು ನಂಗೆ ಚುಚ್ಚಿ, ಹೆಂಗಾಯ್ತದೆ ನೋಡ್ತೀನಿ, ಆಮೇಲೆ ಅವಳನ್ನ ಕರ್ಕೊಂಡು ಬರ್ತೀನಿ ಅಂದ್ರು."

ಸೂಜಿಮದ್ದನ್ನ ಬೆಚ್ಚಗೆ ಮಾಡಿ, ನನ್ನ ಕೆನ್ನೆ ಅಲ್ಲಾಡಿಸ್ತಾ, ನಿಧಾನವಾಗಿ ಬಿಟ್ಟಳು. ಇರುವೆ ಕಚ್ಚಿದಷ್ಟೂ ಆಗಲಿಲ್ಲ. ನಮ್ಮನೆಯವರು ಬಾಗಿಲಲ್ಲಿ ನಿಂತು ಗೋಡೆ ನೋಡ್ತಿದ್ದರು.

ಹಲ್ಲಿನ ಕೆಲಸ ಮುಗಿಸಿ ಹೊರಗೆ ಬಂದ ಮೇಲೆ, ಮೊದಲೇ ಹೇಳಬಾರದಿತ್ತಾ ಅಂದೆ.

"ಹೇಳಿದ್ರೆ ನಂಬ್ತಿದ್ಯಾ? ನೋವಾಯ್ತಾ?"

ಇಲ್ಲ ಅಂತ ತಲೆ ಆಡಿಸಿದೆ. ನಿಮಗೆ ಆಯ್ತಾ ಅಂದೆ.

"ಒಂಚೂರು ಆಯ್ತು. ಅವ್ರಿಗೆ ಹೇಳ್ಬುಟ್ಟೆ. ನಿಂಗೆ ಇನ್ನೂ ನಿಧಾನಕ್ಕೆ ಮಾಡ್ಲಿ ಅಂತ."

ಶ್ರೀರಾಂಪುರದವರೆಗೂ ಬಸ್ಸಲ್ಲಿ ಅವರ ತೋಳು ಹಿಡಿದುಕೊಂಡೇ ಕೂತಿದ್ದೆ. ತುಟಿ ಇನ್ನೂ ಮರಗಟ್ಟಿತ್ತು.

ಮನೆಯಲ್ಲಿ ಅವರೇ ಕಾಫಿ ಮಾಡಿಕೊಟ್ಟರು. ಕುಡಿದೆ. ನನ್ನ ತುಟಿಯಿಂದಲೂ ಜಾರಿತು. ಟವೆಲ್ಲಲ್ಲಿ ಒರೆಸ್ತಾ ಬಗ್ಗಿ, ನನ್ನ ಬಾಯಿ ಹತ್ತಿರ ಮೂಗು ತಂದು ಮೂಸಿದರು.

"ಯಾರ ಜೊತೆ ಇದ್ದೆ, ಮಂಚಮ್ಮ?"