ಮಾತು ಮಧ್ಯದಿಂದ ಬರುತ್ತಿಲ್ಲ

ಬೆನ್ನ ಹಿಂದೆ ಶಟರ್ ಧಡ್ಡೆಂದು ಇಳಿಯಿತು.

ನಾನು ಮಂಡಿಯೂರಿ ಕೂತಿದ್ದೆ. ಕೈಯಲ್ಲಿ ಸ್ಕ್ರೂಡ್ರೈವರ್. ಮುಂದೆ ಹೊಟ್ಟೆ ಬಿಚ್ಚಿಕೊಂಡು ಬಿದ್ದ ಸ್ಪೀಕರ್ ಬಾಕ್ಸು. ಅದರೊಳಗೆ ಅರ್ಧ ಇಟ್ಟಿಗೆ... ತೂಕಕ್ಕೆ!

"ಬಿಚ್ಚು ಅಂತ ಯಾರು ಹೇಳಿದ್ರು?" ಎಂದ ಪಾಲಿಶ್.

ಪಾಲಿಶ್ ಆ ಗೋಡೌನಿನ ಮಾಲೀಕ. ಗುಜರಿಗೆ ಹೋಗಬೇಕಾದ ಹೋಮ್ ಥಿಯೇಟರುಗಳಿಗೆ ಪಾಲಿಶ್ ಹೊಡೆದು, ಒಬ್ಬರೇ ಬಳಸಿದ್ದು ಸಾರ್ ಎಂದು ಮಾರುವ ಆಸಾಮಿ. ಶಟರ್ ಎಳೆದವನು ಅವನ ಆಳು, ಕಂಬ. ಹೆಸರಿಗೆ ತಕ್ಕ ಎತ್ತರ. ಕೈಯಲ್ಲಿ ಮರದ ಪೆಟ್ಟಿಗೆ ಒಡೆಯುವ ಕಬ್ಬಿಣದ ಸಲಾಕೆ.

ಇಂಥ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ಕಾಲಿಗೆ ಬುದ್ಧಿ ಹೇಳುತ್ತೇನೆ. ಅವತ್ತು ಹೇಳಲಿಲ್ಲ. ಅವತ್ತು ನಾನು ಗಿರಾಕಿಗಾಗಿ ಹೋಗಿರಲಿಲ್ಲ, ಹೆಂಡತಿಗಾಗಿ ಹೋಗಿದ್ದೆ.

ಹೆಂಡತಿ ಎಂದೆನಾ? ನಾಲಿಗೆಗೆ ಹಳೇ ರೂಢಿ, ಬಿಡಿ. ಅವತ್ತಿಗೆ ಡಿವೋರ್ಸ್ ಆಗಿ ನಾಲ್ಕು ವರ್ಷ.

ಈ ಲೈನಿನಲ್ಲಿ ನನ್ನನ್ನು ಎಲ್ಲರೂ 'ಕಿವಿ' ಎನ್ನುತ್ತಾರೆ, ನಿಮಗೆ ಗೊತ್ತೇ ಇದೆ. ಗೊತ್ತಿದ್ದೇ ತಾನೆ ನನ್ನ ರೂಮು ಹುಡುಕಿಕೊಂಡು ಬಂದಿದ್ದೀರಿ? ಇಪ್ಪತ್ತು ವರ್ಷ ಊರವರ ಮನೆಗೆಲ್ಲ ಹೋಮ್ ಥಿಯೇಟರ್ ಕೂರಿಸಿದೆ. ಈಗ ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಜೊತೆ ಹೋಗುತ್ತೇನೆ. ಜೇಬು ಚಿಕ್ಕದು, ಆಸೆ ದೊಡ್ಡದು, ಮೋಸ ಹೋಗುವ ಭಯ ಅದಕ್ಕಿಂತ ದೊಡ್ಡದು, ಅಂಥವರ ಜೊತೆ. ಎರಡು ನಿಮಿಷ ಕೇಳಿ, ತಗೊಳ್ಳಿ ಅಥವಾ ಬಿಡಿ ಎನ್ನುತ್ತೇನೆ. ನನ್ನ 'ಬಿಡಿ'ಯಿಂದ ಪಾಲಿಶ್ ಮೂರು ಗಿರಾಕಿಗಳನ್ನು ಕಳೆದುಕೊಂಡಿದ್ದ.

ಅವಳು ಫೋನ್ ಮಾಡಿದ್ದು ಹಿಂದಿನ ವಾರ. ನಾಲ್ಕು ವರ್ಷದಲ್ಲಿ ಮೊದಲ ಸಲ. ಸಿನಿಮಾ ಹಾಕಿದರೆ ಮಾತು ಸರಿಯಾಗಿ ತಿಳಿಯುತ್ತಿಲ್ಲ, ಟಿವಿ ಕೆಳಗೆ ಒಂದು ಸೆಂಟರ್ ಸ್ಪೀಕರ್ ಇಟ್ಟರೆ ಸರಿಹೋಗುತ್ತದಂತೆ, ಹಳೆಯದೊಂದು ಹುಡುಕಿಕೊಡು ಎಂದಳು. ಬಜೆಟ್ಟೂ ಹೇಳಿದಳು, ಅಷ್ಟೂ ದುಡ್ಡು ಆಗಲೇ ಫೋನಿನಲ್ಲೇ ಕಳಿಸಿದಳು. ಆ ಬಜೆಟ್ಟಿಗೆ ಒಳ್ಳೆಯ ಸ್ಪೀಕರಿನ ರಟ್ಟಿನ ಡಬ್ಬ ಬಂದರೆ ಹೆಚ್ಚು. ಅವಳು ರೆಡಿಮೇಡ್ ಫ್ಯಾಕ್ಟರಿಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಾಳೆ. ಓವರ್‌ಟೈಮ್ ಮಾಡಿ ಉಳಿಸಿದ್ದಂತೆ. ನನ್ನ ಕೈಯಿಂದ ಒಂದು ಕಾಸೂ ಹಾಕಕೂಡದು ಎಂದು ಮೊದಲೇ ತಾಕೀತು ಮಾಡಿದಳು.

ಕೊನೆಗೆ ಹೇಳಿದಳು: "ನನ್ನ ಕಿವಿ ಸರಿ ಇಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ... ಈಗ ಜಾಸ್ತಿ ಆಗಿದೆ ಅನ್ಸುತ್ತೆ."

ಫೋನ್ ಇಟ್ಟ ಮೇಲೆ ನಾನು ಎಷ್ಟು ಖುಷಿಪಟ್ಟೆ ಎಂದು ಹೇಳಲು ಈಗ ನಾಚಿಕೆ. ಸ್ಪೀಕರ್ ಜೋಡಿಸುವ ನೆಪದಲ್ಲಿ ಆ ಮನೆಯ ಸೋಫಾದ ಮೇಲೆ, ಅವಳ ಪಕ್ಕದಲ್ಲಿ, ಒಂದು ಸಿನಿಮಾ ಮುಗಿಯುವ ತನಕ ಕೂರಬಹುದು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆ ಬಜೆಟ್ಟಿಗೆ ಮಾಲು ಕೊಡುತ್ತೇನೆ ಎಂದವನು ಪಾಲಿಶ್ ಒಬ್ಬನೇ. ಯಾಕೆ ಕೊಡುತ್ತಾನೆ ಎಂದೂ ನನಗೆ ಗೊತ್ತಿತ್ತು. ಮೇಜಿನ ಮೇಲೆ ಒಂದು ಅಸಲಿ ಸೆಂಟರ್ ಸ್ಪೀಕರ್ ಇಟ್ಟಿರುತ್ತಾನೆ. ಅದರ ಸದ್ದು ಕೇಳಿ ಗಿರಾಕಿ ಮರುಳಾಗಿ ದುಡ್ಡು ಇಡುತ್ತಾನೆ. ಆದರೆ ಕೈಗೆ ಬರುವುದು ಒಳಗಿಂದ ತರುವ ಪ್ಯಾಕ್ ಮಾಡಿದ ಡಬ್ಬ. ನನಗೂ ಅದನ್ನೇ ತಂದಿಟ್ಟ. ನಾನು ಅಲ್ಲೇ ಪ್ಯಾಕ್ ಹರಿದೆ.

ಜೇಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸೆಲ್ ಇಟ್ಟುಕೊಂಡಿರುತ್ತೇನೆ, ಎರಡು ತುಂಡು ವಯರ್ ಸಮೇತ. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಕೆಂಪು ಪಿನ್ನಿಗೆ, ಮೈನಸ್ಸನ್ನು ಕಪ್ಪಿಗೆ ತಾಗಿಸಿದರೆ ಕೋನು, ಅಂದರೆ ಸದ್ದು ಮಾಡುವ ರಟ್ಟಿನ ಬಟ್ಟಲು, ಟಪ್ ಎಂದು ಮುಂದಕ್ಕೆ ಬರಬೇಕು. ಹಿಂದಕ್ಕೆ ಹೋದರೆ ಎಲ್ಲೋ ವಯರ್ ಅದಲುಬದಲಾಗಿದೆ ಎಂದರ್ಥ. ಪಾಲಿಶ್ ಕೊಟ್ಟ ಡಬ್ಬದಲ್ಲಿ ಎರಡು ಕೋನುಗಳಿದ್ದವು. ಒಂದು ಮುಂದೆ ಬಂತು, ಇನ್ನೊಂದು ಹಿಂದೆ ಹೋಯಿತು. ಬಿಚ್ಚಿದೆ. ಇಟ್ಟಿಗೆ ಸಿಕ್ಕಿತು.

"ಮೇಜಿನ ಮೇಲಿರೋದು ಕೊಡು," ಎಂದೆ. "ನೀನು ಹೇಳಿದ ರೇಟು ಅಲ್ಲೇ ಇಟ್ಟಿದ್ದೀನಿ."

"ಅದು ಮಾರೋಕಲ್ಲ."

"ಮತ್ತೆ?"

"ಕೇಳ್ಸೋಕೆ."

ಕಂಬ ಒಂದು ಹೆಜ್ಜೆ ಮುಂದಿಟ್ಟ. ನಾನು ಇಟ್ಟಿಗೆ ಎತ್ತಿದೆ. ಅವನ ತಲೆಗೆ ಬೀಸುತ್ತೇನೆ ಎಂದುಕೊಂಡು ಅವನು ತಗ್ಗಿದ. ನಾನು ಬೀಸಿದ್ದು ಅವನ ಪಕ್ಕದ ಬಾಕ್ಸುಗಳ ರಾಶಿಗೆ. ಆಳೆತ್ತರದ ರಾಶಿ ಪಾಲಿಶ್ ಮೇಲೆ ಕುಸಿಯಿತು... ಮೇಜಿನ ಮೇಲಿನ ಸ್ಪೀಕರನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಹಿಂಬಾಗಿಲಿಗೆ ಓಡಿದೆ.

ಹೊಸ್ತಿಲು ದಾಟುವಾಗ ಕಂಬನ ಸಲಾಕೆ ಎಡಗಿವಿಯ ಮೇಲೆ ಬಿತ್ತು.

ನೋವಾಗಲಿಲ್ಲ. ಆ ಕಡೆಯ ಪ್ರಪಂಚವೇ ಆಫ್ ಆಯಿತು. ಬರೀ ಒಂದು ಸಣ್ಣ ಸೀಟಿ.

ಸ್ಕೂಟರಿನ ಕಾಲಬುಡದಲ್ಲಿ ಸ್ಪೀಕರ್ ಇಟ್ಟು, ಎರಡು ಮಂಡಿಯಿಂದ ಒತ್ತಿ ಹಿಡಿದು ಗಾಡಿ ಓಡಿಸಿದೆ. ಹಿಂದೆ ಅವರ ಪಿಕಪ್ ವ್ಯಾನು. ಆ ಅಸಲಿ ಪೀಸು ಹೋದರೆ ಗೋಡೌನ್ ತುಂಬ ಇರುವ ಇಟ್ಟಿಗೆ ಡಬ್ಬಗಳನ್ನು ಯಾರಿಗೂ ಮಾರಲಾಗದು ಎಂದು ಅವರಿಗೆ ಗೊತ್ತಿತ್ತು. ಟೈರ್ ಅಂಗಡಿ, ಪೆಟ್ರೋಲ್ ಬಂಕು, ಸ್ಕೂಲ್ ಬಿಡುವ ಹೊತ್ತಿನ ಗೇಟು... ಹಾರ್ನು ಎಡದಿಂದ ಬರುತ್ತಿದೆಯೋ ಬಲದಿಂದಲೋ ಒಂದೂ ತಿಳಿಯುತ್ತಿಲ್ಲ! ಕೊನೆಗೆ ಎರಡು ಕಟ್ಟಡಗಳ ನಡುವೆ ಚರಂಡಿಯಷ್ಟೇ ಅಗಲದ ಸಂದಿಗೆ ನುಗ್ಗಿಸಿದೆ. ಕನ್ನಡಿ ಎರಡೂ ಮುರಿದವು. ನಾನು ದಾಟಿದೆ. ವ್ಯಾನು ಸಂದಿಯ ಬಾಯಲ್ಲೇ ಸಿಕ್ಕಿಕೊಂಡಿತು.

ಅವಳು ಬಾಗಿಲು ತೆಗೆದವಳೇ ನನ್ನ ಕುತ್ತಿಗೆಯ ರಕ್ತ ನೋಡಿದಳು.

"ಒಂದು ಡಬ್ಬಕ್ಕಾಗಿ ಯಾರಾದ್ರೂ ಹೊಡೆಸ್ಕೋತಾರಾ?"

ಬೈಗುಳವಲ್ಲ ಅದು. ಆ ಕಾಳಜಿಯ ದನಿ ಕೇಳಿ ನಾಲ್ಕು ವರ್ಷವಾಗಿತ್ತು. ಕೂತಿರು, ನೀರು ಕಾಯಿಸಿ ತರುತ್ತೇನೆ ಎಂದು ಅಡುಗೆಮನೆಗೆ ಹೋದಳು.

ಹಾಲ್ ಹಾಗೇ ಇತ್ತು. ಅದೇ ಟಿವಿ, ಅದೇ ಆಂಪ್ಲಿಫಯರ್, ಎಡಕ್ಕೊಂದು ಬಲಕ್ಕೊಂದು ನನ್ನದೇ ಸ್ಪೀಕರು. ಅದೇ ಸೋಫಾ. ಬಲತುದಿಯಲ್ಲಿ ನಾನು ಕೂತು ಕೂತು ಬಿದ್ದ ಗುಳಿ ಇನ್ನೂ ಎದ್ದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವನ್ನು ಕೂರಿಸಿದ ದಿನ ಅವಳು ಮಧ್ಯದಲ್ಲಿ ಕೂತು ಹೇಳಿದ್ದಳು: "ಮಾತು ಮಧ್ಯದಿಂದ ಬರ್ತಿಲ್ಲ. ಎಲ್ಲೋ ಕಿವಿ ಹಿಂದೆ ತೇಲ್ತಿದೆ." ನಾನು ಆಂಪ್ಲಿಫಯರಿನ ಹಿಂದೆ ನೋಡಿದೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ನಿನ್ನ ಕಿವಿಯಲ್ಲೇ ಏನೋ ಇದೆ ಎಂದೆ. ಆಮೇಲೆ ಎಷ್ಟು ಸಲ ಹೇಳಿದಳೋ ಅಷ್ಟೂ ಸಲ ಅದೇ ಉತ್ತರ. ನೆಂಟರ ಮುಂದೆ ಆಡಿಕೊಂಡು ನಕ್ಕೆ. ಪಾಪ, ಕಿವಿ ಡಾಕ್ಟರಿಗೂ ತೋರಿಸಿ ಬಂದಳು. ನಾರ್ಮಲ್ ಎಂದು ಬರೆದ ಚೀಟಿ ನನ್ನ ಮುಂದೆ ಹಿಡಿದಳು. ಕೇಳಿಸುತ್ತದೋ ಇಲ್ಲವೋ ಎನ್ನುವುದಷ್ಟೇ ಡಾಕ್ಟರಿಗೆ ಗೊತ್ತು, ಹೇಗೆ ಕೇಳಿಸಬೇಕು ಎನ್ನುವುದು ನನಗೆ ಗೊತ್ತು ಎಂದೆ.

ಮೊದಲು ಅವಳು ಸೋಫಾ ಬಿಟ್ಟಳು. ಆಮೇಲೆ ಹಾಲ್ ಬಿಟ್ಟಳು. ಮಾತು ಬಿಟ್ಟಳು. ಕೊನೆಗೆ ನಾನು ಮನೆ ಬಿಟ್ಟೆ.

ಹೊಸ ಸ್ಪೀಕರ್ ಕೂರಿಸುವ ಮುಂಚೆ ಹಳೆಯ ಎರಡನ್ನೂ ಒಮ್ಮೆ ಕೇಳಿ ನೋಡಬೇಕು. ಕೇಳೋಣವೆಂದರೆ ಎಡಗಿವಿಯಲ್ಲಿ ಬರೀ ಸೀಟಿ. ಕಿವಿಯ ಮೇಲೆ ನಂಬಿಕೆ ಇಲ್ಲದವರು ಮಾಡುವ ಕೆಲಸವನ್ನು ಆ ಮನೆಯಲ್ಲಿ ಮೊದಲ ಸಲ ಮಾಡಿದೆ. ಆಂಪ್ಲಿಫಯರಿನಿಂದ ವಯರ್ ಕಿತ್ತು, ತುದಿಗೆ ಸೆಲ್ ತಾಗಿಸಿದೆ.

ಬಲಗಡೆಯ ಕೋನು ಮುಂದೆ ಬಂತು.

ಎಡಗಡೆಯದು ಹಿಂದೆ ಹೋಯಿತು.

ಮತ್ತೆ ತಾಗಿಸಿದೆ. ಮತ್ತೆ ಹಿಂದೆ...

ವಯರ್ ಹಿಡಿದುಕೊಂಡೇ ನೆಲದ ಮೇಲೆ ತೆವಳಿದೆ. ಸೋಫಾ ಹಿಂದೆ, ಕಾರ್ಪೆಟ್ ಅಡಿಯಲ್ಲಿ, ಕಪ್ಪು ಟೇಪ್ ಸುತ್ತಿದ ಒಂದು ಜಾಯಿಂಟು ಸಿಕ್ಕಿತು. ನೆನಪಾಯಿತು. ಗಿರಾಕಿಗಳ ಮನೆಗೆ ಹೊಸ ವಯರ್ ಎಳೆಯುತ್ತಿದ್ದೆ. ನಮ್ಮ ಮನೆಗೆ ಹಾಕಿದ್ದು ಮಿಕ್ಕ ತುಂಡುಗಳು. ಆ ತುಂಡಿನಲ್ಲಿ ಎರಡೂ ಎಳೆ ಬಿಳಿ, ಯಾವುದು ಯಾವುದೆಂದು ಗುರುತಿಲ್ಲ. ಕೇಳಿ ನೋಡಿದರಾಯಿತು ಎಂದು ಅಂದಾಜಿನಲ್ಲಿ ತಿರುಚಿದ್ದೆ. ಕೇಳಿಯೂ ನೋಡಿದ್ದೆ... ಬಲತುದಿಯಲ್ಲಿ, ಬಲಗಡೆಯ ಬಾಕ್ಸಿನ ಪಕ್ಕದಲ್ಲೇ ಕೂತು! ಒಂದು ಬಾಕ್ಸು ತಳ್ಳುವಾಗ ಇನ್ನೊಂದು ಎಳೆದರೆ ಮಾತು ತೇಲುವುದು ಮಧ್ಯದಲ್ಲಿ ಕೂತವರಿಗೆ. ಒಳ್ಳೆಯ ಜಾಗವೆಂದು ಮಧ್ಯದಲ್ಲಿ ಅವಳನ್ನು ಕೂರಿಸಿದ್ದೆ. ಅಲ್ಲಿ ನಾನು ಒಂದು ದಿನವೂ ಕೂರಲಿಲ್ಲ.

ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಡೆಯುತ್ತಿತ್ತು, ಗೊತ್ತಾ? ಸೆಂಟರ್ ಸ್ಪೀಕರ್ ಸಿಕ್ಕಿಸಿದರೆ ಮಾತು ಹೇಗೂ ಮಧ್ಯದಿಂದ ಬರುತ್ತಿತ್ತು. ಅವಳಿಗೆ ಖುಷಿ. ನನಗೆ ಸೋಫಾ, ಒಂದು ಸಿನಿಮಾ, ಬಹುಶಃ ಇನ್ನೊಂದು ಭಾನುವಾರ. ಅವಳು ಮಾತ್ರ ಸಾಯುವ ತನಕ ತನ್ನ ಕಿವಿ ಸರಿ ಇಲ್ಲ ಎಂದುಕೊಂಡೇ ಇರುತ್ತಿದ್ದಳು.

ಟೇಪ್ ಬಿಚ್ಚಿದೆ. ಎರಡು ಎಳೆ ಬದಲಿಸಿದೆ. ಒಂದು ನಿಮಿಷದ ಕೆಲಸ. ಅವಳು ನೀರು ತಂದಾಗ ಮಧ್ಯದಲ್ಲಿ ಕೂರಿಸಿ ಹಳೆಯದೊಂದು ಸಿನಿಮಾ ಹಾಕಿದೆ. ಹೊಸ ಸ್ಪೀಕರ್ ಇನ್ನೂ ಬಾಗಿಲ ಬಳಿಯೇ ಇತ್ತು.

ಯಾರೋ ಮಾತಾಡಿದರು. ಬಟ್ಟೆ ಹಿಂಡುತ್ತಿದ್ದ ಅವಳ ಕೈ ನಿಂತಿತು.

"ಏನು ಮಾಡಿದೆ?"

ಹೇಳಿದೆ. ಎಲ್ಲವನ್ನೂ ಹೇಳಿದೆ.

ಅವಳು ಟಿವಿಯನ್ನೇ ನೋಡುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹಾಗಾದ್ರೆ ನನ್ನ ಕಿವಿ ಸರಿ ಇತ್ತು."

"ಇತ್ತು."

"ಮೊದಲ ದಿನದಿಂದ?"

"ಮೊದಲ ದಿನದಿಂದ."

"ಸೂಪರ್‌ವೈಸರ್ ಕರೆದ್ರೆ ಸರಿಯಾಗಿ ಕೇಳಿಸ್ತೋ ಇಲ್ವೋ ಅಂತ ಎರಡೆರಡು ಸಲ ಕೇಳ್ತೀನಿ. ಎಲ್ಲರೂ ನನ್ನ ಕಿವುಡಿ ಅಂತಾರೆ." ಅವಳು ನನ್ನ ಕಡೆ ತಿರುಗಲಿಲ್ಲ. "ನೀನು ಹೇಳಿದ್ದೆ ಅಂತ ನಂಬಿದ್ದೆ ಕಣೋ."

ಕ್ಷಮಿಸು ಎನ್ನಬಹುದಿತ್ತು. ಅಷ್ಟು ಸಣ್ಣ ಮಾತನ್ನು ಅಷ್ಟು ದೊಡ್ಡ ತಪ್ಪಿನ ಮುಂದೆ ಎಲ್ಲಿಡುವುದು?

ಆಮೇಲೆ ಅವಳು ಬಾಗಿಲ ಬಳಿಯ ಡಬ್ಬ ತೋರಿಸಿ, ಇನ್ನು ಅದು ಬೇಕಾಗಿಲ್ಲ ಅಲ್ಲವೇ ಎಂದು ಕೇಳಿದಳು. ಬೇಕಾಗಿಲ್ಲ ಎಂದೆ. ಅವಳು ಕಳಿಸಿದ್ದ ದುಡ್ಡಿನಷ್ಟನ್ನು ನನ್ನ ಜೇಬಿನಿಂದ ತೆಗೆದು ಸೋಫಾದ ತೋಳಿನ ಮೇಲಿಟ್ಟು, ಸ್ಪೀಕರ್ ಎತ್ತಿಕೊಂಡೆ. ಅವಳು ಎದ್ದು ಬಂದು ಬಾಗಿಲು ತೆರೆದು ಹಿಡಿದಳು.

ದಾಟುವಾಗ ಏನೋ ಹೇಳಿದಳು.

ಅವಳು ನಿಂತಿದ್ದದ್ದು ನನ್ನ ಎಡಗಡೆ. ತುಟಿ ಅಲುಗಿದ್ದು ಕಂಡಿತು, ಅಷ್ಟೇ. ಬಾ ಎಂದಳೋ, ಬರಬೇಡ ಎಂದಳೋ... ಅಷ್ಟು ವರ್ಷ ಅವಳ ಕಿವಿಯನ್ನು ಆಡಿಕೊಂಡವನು ಏನಂದೆ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ತಲೆಯಾಡಿಸಿ ಮೆಟ್ಟಿಲು ಇಳಿದೆ.

ಆ ಕಿವಿ ಇನ್ನು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಯಿತು. ಅವಳ ಫೋನೂ ಬಂದಿಲ್ಲ. ಒಂಟಿ ಸೆಂಟರ್ ಸ್ಪೀಕರ್ ಯಾಕೆ ಇಟ್ಟುಕೊಂಡಿದ್ದೀಯ ಎಂದಿರಲ್ಲ, ಇದೇ ಅದು. ಇದನ್ನು ಮಾರುವುದಿಲ್ಲ.

ನಿಮ್ಮ ಮನೆಯಲ್ಲೂ ಮಾತು ಸರಿಯಾಗಿ ಕೇಳಿಸುತ್ತಿಲ್ಲ ಎನ್ನುತ್ತಿರುವುದು ಹೆಂಡತಿಯೇ? ಹಾಗಾದರೆ ಮೊದಲು ವಯರ್ ನೋಡಿ, ಆಮೇಲೆ ಸ್ಪೀಕರ್ ಹುಡುಕೋಣ. ಬಜೆಟ್ ಎಷ್ಟು ಎಂದಿರಿ? ಸ್ವಲ್ಪ ಈ ಕಡೆ ಬಂದು ಕೂತು ಹೇಳಿ... ಆ ಕಿವಿ ಸರಿ ಇಲ್ಲ.